ಟ್ರ್ಯಾಕ್ ಕಾರಿಗೆ ರೆಕ್ಕೆ, ಸ್ಪ್ಲಿಟರ್: ಆ ಭಾರ ಇಳಿಯುವುದು ಎಲ್ಲಿಗೆ?

ಪ್ರಶ್ನೆ: ಸರ್, ನನ್ನದು 2021ರ ಫೋಕ್ಸ್‌ವ್ಯಾಗನ್ ಪೋಲೊ, 1.0 ಟಿಎಸ್‌ಐ ಮ್ಯಾನ್ಯುವಲ್. ಟ್ರ್ಯಾಕ್ ಡೇ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸಲು ಬಿಡುವ ದಿನ) ಇದ್ದಾಗಲೆಲ್ಲ ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ ಹೋಗುತ್ತೇನೆ. ಒಳ್ಳೆ ಟೈರು, ಬ್ರೇಕ್ ಪ್ಯಾಡ್, ಸ್ವಲ್ಪ ಗಟ್ಟಿ ಸ್ಪ್ರಿಂಗ್ ಆಗಲೇ ಹಾಕಿಸಿದ್ದೇನೆ. ಸ್ಟ್ರೈಟ್ ಮುಗಿಯುವಲ್ಲಿ 140ರ ಆಸುಪಾಸು ವೇಗ ಇರುತ್ತದೆ. ಅಲ್ಲಿ ಬ್ರೇಕ್ ಒತ್ತಿ ತಿರುಗಿಸುವಾಗ ಕಾರಿನ ಹಿಂಭಾಗ ಹಗುರಾಗಿ, ಹೊರಕ್ಕೆ ಎಳೆದ ಹಾಗಾಗುತ್ತದೆ. ನಿಧಾನದ ತಿರುವುಗಳಲ್ಲಿ ಇದಕ್ಕೆ ಉಲ್ಟಾ, ಮುಂಭಾಗವೇ ಜಾರುತ್ತದೆ. ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಮುಂದಿನ ಬಂಪರ್‌ನ ತಳಕ್ಕೆ ಸ್ಕ್ರೂ ಹಾಕುವ ಪ್ಲಾಸ್ಟಿಕ್ ಸ್ಪ್ಲಿಟರ್ (ಮುಂದಕ್ಕೆ ಚಾಚಿದ ಚಪ್ಪಟೆ ಹಲಗೆ) ಮತ್ತು ಕಾರಿನ ಹಿಂದೆ ಕಾಲುಗಳ ಮೇಲೆ ನಿಲ್ಲುವ ದೊಡ್ಡದೊಂದು ರೆಕ್ಕೆ, ಅಂದರೆ ಜಿಟಿ ವಿಂಗ್, ತೋರಿಸಿದರು. ಮೊದಲು ಸ್ಪ್ಲಿಟರ್ ಹಾಕಿಸಿ, ದುಡ್ಡು ಕೂಡಿದಾಗ ರೆಕ್ಕೆ ಹಾಕಿಸೋಣ ಅಂತಿದ್ದೇನೆ. ಸರಿನಾ? ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದೆ ರೆಕ್ಕೆ ಯಾಕೆ ಅಂತ ಗೆಳೆಯರು ನಗುತ್ತಾರೆ. ಎಲ್ಲಿಗೆ, ಹೇಗೆ ಕೂರಿಸಬೇಕು? ಊರಲ್ಲೂ ಹಾಕಿಕೊಂಡೇ ಓಡಾಡಬಹುದಾ?

ಉತ್ತರ: ಸ್ಪ್ಲಿಟರ್ ಮೊದಲು ಬೇಡ. ಉಳಿದದ್ದನ್ನು ಆಮೇಲೆ ನಿಧಾನಕ್ಕೆ ಓದಿ, ಆದರೆ ಇದನ್ನು ಈಗಲೇ ಮನಸ್ಸಲ್ಲಿಟ್ಟುಕೊಳ್ಳಿ. ನಿಮ್ಮ ಕಾರಿನ ತೊಂದರೆ ಏನು? ವೇಗದಲ್ಲಿ ಬ್ರೇಕ್ ಒತ್ತಿದಾಗ ಹಿಂಭಾಗ ಹಗುರಾಗುವುದು. ಬರೀ ಸ್ಪ್ಲಿಟರ್ ಹಾಕಿದರೆ ಅದು ಇನ್ನೂ ಜಾಸ್ತಿ ಆಗುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕೆಳಗಿಳಿಯುತ್ತದೆ ಅಲ್ವಾ? ಸ್ಪ್ಲಿಟರ್ ನೆಲಕ್ಕೆ ಹತ್ತಿರವಾದಷ್ಟೂ ಅದು ಮೂತಿಯನ್ನು ಕೆಳಕ್ಕೆ ಎಳೆಯುವ ಬಲ ಹೆಚ್ಚು. ಅಂದರೆ ಹಿಂದಿನ ಟೈರಿನ ಮೇಲಿನ ಭಾರ ಕಡಿಮೆಯಾಗುವ ಅದೇ ಗಳಿಗೆಯಲ್ಲಿ ಮುಂದಿನ ಟೈರಿಗೆ ಹೆಚ್ಚುವರಿ ಹಿಡಿತ ಸಿಗುತ್ತದೆ. ಮುಂಭಾಗ ಕಚ್ಚಿ ಹಿಡಿಯುತ್ತದೆ, ಹಿಂಭಾಗ ತಿರುಗಿ ಬರುತ್ತದೆ. 140ರಲ್ಲಿ ಹಾಗಾದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆದ್ದರಿಂದ ಮೊದಲು ರೆಕ್ಕೆ, ಆಮೇಲೆ ಸ್ಪ್ಲಿಟರ್. ಎರಡಕ್ಕೂ ದುಡ್ಡು ಕೂಡುವ ತನಕ ಕಾಯುವುದು ಇನ್ನೂ ಒಳ್ಳೆಯದು.

ಗೆಳೆಯರ ಮಾತಿಗೆ ಬರೋಣ. ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದೆ ರೆಕ್ಕೆ ದಂಡ ಅನ್ನುವುದು ಪಾರ್ಕಿಂಗ್ ಜಾಗದಲ್ಲಿ ಹುಟ್ಟಿದ ಮಾತು. ರೆಕ್ಕೆಯ ಕೆಲಸ ಎಂಜಿನ್ ಶಕ್ತಿಯನ್ನು ನೆಲಕ್ಕೆ ಇಳಿಸುವುದು ಮಾತ್ರ ಅಂತ ಅವರು ಅಂದುಕೊಂಡಿದ್ದಾರೆ. ತಿರುವಿನಲ್ಲಿ ನಾಲ್ಕು ಟೈರೂ ಕಾರನ್ನು ಪಕ್ಕಕ್ಕೆ ಹಿಡಿದಿಡಬೇಕು. ಹಿಂದಿನ ಟೈರು ಎಳೆಯದೇ ಇರಬಹುದು, ಹಿಡಿದುಕೊಳ್ಳಲೇಬೇಕು. ಹ್ಯಾಚ್‌ಬ್ಯಾಕ್‌ಗಳಲ್ಲಿ ಛಾವಣಿ ಮೇಲೆ ಗಾಳಿ ಜೋರಾಗಿ ಹರಿದು ಅಲ್ಲಿ ಒತ್ತಡ ಇಳಿಯುತ್ತದೆ, ಹಿಂಭಾಗವನ್ನು ಮೇಲಕ್ಕೆ ಎಳೆಯುತ್ತದೆ. ನಿಮಗೆ ಹಗುರ ಅನ್ನಿಸುವುದರಲ್ಲಿ ಇದರ ಪಾಲೂ ಇದೆ.

1994ರ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಕತೆಯನ್ನು ಗೆಳೆಯರಿಗೆ ಹೇಳಿ. ಆಲ್ಫಾ ರೋಮಿಯೊ ಆ ವರ್ಷ 155 ಕಾರನ್ನು ತಂದಿತು. ಅದೂ ಮುಂದಿನ ಚಕ್ರ ಎಳೆಯುವ ಕಾರೇ. ಮುಂದೆ ಚಾಚಬಹುದಾದ ಸ್ಪ್ಲಿಟರ್, ಹಿಂದೆ ಎತ್ತರಿಸಬಹುದಾದ ರೆಕ್ಕೆ ಅದಕ್ಕಿದ್ದವು. ನಿಯಮಕ್ಕೆ ಸರಿಹೋಗಲಿ ಅಂತ ರಸ್ತೆಗೆ ಮಾರುವ ಕಾರುಗಳ ಜೊತೆಗೂ ಆ ಭಾಗಗಳನ್ನು ಕೊಟ್ಟರು. ತಂಡದ ಡ್ರೈವರ್ ಗಾಬ್ರಿಯೆಲೆ ಟಾರ್ಕ್ವಿನಿ ಶುರುವಿನಿಂದಲೇ ಗೆಲ್ಲತೊಡಗಿದರು. ಎದುರಾಳಿಗಳು ಆ ಭಾಗಗಳ ಬಗ್ಗೆ ದೂರು ಕೊಟ್ಟರು. ಔಲ್ಟನ್ ಪಾರ್ಕ್ ಟ್ರ್ಯಾಕ್‌ನಲ್ಲಿ ರೇಸ್ ಬಿಟ್ಟು ಆಲ್ಫಾ ತಂಡ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಆಮೇಲೆ ಸ್ಪ್ಲಿಟರ್ ಒಳಗೆ ಸರಿಸಿಕೊಂಡು ವಾಪಸ್ ಬಂತು. ಆ ವರ್ಷದ ಕಿರೀಟ ಟಾರ್ಕ್ವಿನಿ ಅವರದ್ದೇ ಆಯಿತು. ಮುಂದಿನ ಸೀಸನ್‌ನಿಂದ ಉಳಿದ ತಂಡಗಳೂ ಸ್ಪ್ಲಿಟರ್, ರೆಕ್ಕೆ ಹಾಕಿಕೊಂಡೇ ಬಂದವು.

ಹಿಂದಿನ ರೆಕ್ಕೆಯಿಂದ ನಿಮಗೆ ಇನ್ನೊಂದು ಲಾಭ ಇದೆ. ನಿಧಾನದ ತಿರುವಿನಲ್ಲಿ ಮುಂಭಾಗ ಜಾರುತ್ತದೆ ಅಂದಿರಿ. ಅದನ್ನು ಸರಿ ಮಾಡಲು ಹಿಂದಿನ ಸಸ್ಪೆನ್ಷನ್ ಸ್ವಲ್ಪ ಗಟ್ಟಿ ಮಾಡಬಹುದು, ಹಿಂದಿನ ಟೈರಿನ ಗಾಳಿ ಬದಲಿಸಬಹುದು. ಈಗ ಅದಕ್ಕೆ ಕೈ ಹಾಕಿದರೆ ವೇಗದ ತಿರುವಿನಲ್ಲಿ ಕಾರು ಇನ್ನೂ ಹೆದರಿಸುತ್ತದೆ. ರೆಕ್ಕೆ ಇದ್ದರೆ ವೇಗದಲ್ಲಿ ಅದು ಹಿಂಭಾಗವನ್ನು ಹಿಡಿಯುತ್ತದೆ. ನಿಧಾನದಲ್ಲಿ ಅದು ಇದ್ದೂ ಇಲ್ಲದಂತೆ, ಹಾಗಾಗಿ ಅಲ್ಲಿ ಕಾರು ಸಲೀಸಾಗಿ ತಿರುಗುತ್ತದೆ.

ಇದ್ದೂ ಇಲ್ಲದಂತೆ ಅಂದೆನಲ್ಲ, ಅದರ ಲೆಕ್ಕ ನೋಡಿ. 1.4 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಒಳ್ಳೆ ರೆಕ್ಕೆಯನ್ನು ಹದವಾದ ಕೋನದಲ್ಲಿ ಕೂರಿಸಿದ್ದೀರಿ ಅಂತಿಟ್ಟುಕೊಳ್ಳಿ. ಚೆನ್ನೈ ಬಿಸಿಲಿನ ಗಾಳಿಯಲ್ಲಿ 60 ಕಿ.ಮೀ. ವೇಗಕ್ಕೆ ಅದು ಒತ್ತುವುದು ಸುಮಾರು 6 ಕೆ.ಜಿ. ಭಾರ. 100ಕ್ಕೆ 16 ಕೆ.ಜಿ., 140ಕ್ಕೆ 31, 160ಕ್ಕೆ 41. ವೇಗ ಎರಡರಷ್ಟಾದರೆ ಒತ್ತುವ ಬಲ ನಾಲ್ಕರಷ್ಟಾಗುತ್ತದೆ. ಹೇರ್‌ಪಿನ್‌ನಲ್ಲಿ ಈ 6 ಕೆ.ಜಿ. ಯಾವ ಲೆಕ್ಕಕ್ಕೂ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಚಿಕ್ಕ ಟ್ರ್ಯಾಕ್‌ಗೆ ಮಾತ್ರ ಹೋಗುವವರಾಗಿದ್ದರೆ ಆ ದುಡ್ಡಿಗೆ ಇನ್ನೊಂದು ಸೆಟ್ ಟೈರ್ ತಗೊಳ್ಳಿ ಅಂತಿದ್ದೆ. ಇರುಂಗಾಟುಕೋಟೈನ 3.7 ಕಿ.ಮೀ. ಟ್ರ್ಯಾಕ್‌ನಲ್ಲಿ, ಅದೂ ನೀವು ಹೇಳುವ ಜಾಗದಲ್ಲಿ, ರೆಕ್ಕೆಗೆ ಕೆಲಸ ಇದೆ.

ಈಗ ಮುಖ್ಯ ವಿಷಯ. ಗಾಳಿ ಕೊಡುವ ಈ ಬಲವೂ ಒಂದು ಭಾರ. ಡಿಕ್ಕಿಯಲ್ಲಿ ಮೂಟೆ ಇಟ್ಟರೆ ಎಷ್ಟು ನಿಜವೋ ಅಷ್ಟೇ ನಿಜ. ಆ ಭಾರ ರೆಕ್ಕೆಯಿಂದ ಹೊರಟು ಟೈರಿನ ತನಕ ಬರಬೇಕು. ದಾರಿಯಲ್ಲಿ ಎಲ್ಲೆಲ್ಲಿ ಹಾದು ಬರುತ್ತದೆ, ಯಾವ ಟೈರಿಗೆ ಹೋಗುತ್ತದೆ? ಯಾವ ಭಾಗ ಕೂರಿಸುವಾಗಲೂ ಈ ಪ್ರಶ್ನೆ ಕೇಳಿ. ಅಂಗಡಿಯವರಿಗೂ ಕೇಳಿ. ಉತ್ತರ ಬರದಿದ್ದರೆ ಆ ಮಾಲು ಬೇಡ.

ಮೊದಲು ಯಾವ ಟೈರಿಗೆ ಅನ್ನುವುದನ್ನು ನೋಡೋಣ. ಪೋಲೊದ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.5 ಮೀಟರ್. ಡಿಕ್ಕಿಯ ಮೇಲೆ ಕೂರಿಸಿದ ರೆಕ್ಕೆ ಹಿಂದಿನ ಚಕ್ರಕ್ಕಿಂತ ಸುಮಾರು 60 ಸೆಂಟಿಮೀಟರ್ ಹಿಂದೆ ಇರುತ್ತದೆ. ಹಾಗಾಗಿ ಹಿಂದಿನ ಚಕ್ರವೇ ಆಸರೆಯಾಗಿ ಕಾರು ಸನ್ನೆಗೋಲಿನ ಹಾಗೆ ವರ್ತಿಸುತ್ತದೆ. 140ರಲ್ಲಿ ರೆಕ್ಕೆ 31 ಕೆ.ಜಿ. ಒತ್ತಿದರೆ ಹಿಂದಿನ ಟೈರುಗಳಿಗೆ ಸಿಗುವುದು 38 ಕೆ.ಜಿ. ಮುಂದಿನ ಟೈರುಗಳಿಂದ 7 ಕೆ.ಜಿ. ಕಡಿಮೆಯಾಗುತ್ತದೆ. ನೀವು ಕೂತಾಗ ಪೋಲೊದ ಹಿಂದಿನ ಚಕ್ರಗಳ ಮೇಲೆ ಸುಮಾರು 450 ಕೆ.ಜಿ. ಇರುತ್ತದೆ. ಅದಕ್ಕೆ 38 ಸೇರಿದರೆ ನೂರಕ್ಕೆ 8ರಷ್ಟು ಜಾಸ್ತಿ. ನಿಮ್ಮ ತೊಂದರೆಗೆ ಇದು ನಿಜವಾದ ಮದ್ದು. ಮುಂದೆ ಕಡಿಮೆಯಾದ 7 ಕೆ.ಜಿ.ಯನ್ನು ತುಂಬಿಕೊಡಲು, ಅದರ ಮೇಲೆ ಸ್ವಲ್ಪ ಕೊಡಲು ಸ್ಪ್ಲಿಟರ್ ಬೇಕು. ಅಂಗಡಿಯಲ್ಲಿ ಕಂಡ ದೊಡ್ಡ ರೆಕ್ಕೆಯನ್ನೇ ಕಡಿದಾದ ಕೋನದಲ್ಲಿ ಕೂರಿಸಿ, ಮುಂದೆ ಏನೂ ಹಾಕದೆ ಹೋದರೆ ವೇಗದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗಲು ನೋಡುತ್ತದೆ.

ಇದಕ್ಕೆ ತೆರುವ ಬೆಲೆಯೂ ಇದೆ. 140ರಲ್ಲಿ ಇಂಥ ರೆಕ್ಕೆಯನ್ನು ಗಾಳಿಯಲ್ಲಿ ಎಳೆದುಕೊಂಡು ಹೋಗಲು ಎಂಜಿನ್‌ನಿಂದ 2ರಿಂದ 3 ಎಚ್‌ಪಿ ಹೋಗುತ್ತದೆ. ನಿಮ್ಮದು 110 ಎಚ್‌ಪಿ ಕಾರು. ಕೋನ ಏರಿಸಿದಷ್ಟೂ ಈ ಖರ್ಚು ಏರುತ್ತದೆ.

ಈಗ ದಾರಿಯಲ್ಲಿ ಎಲ್ಲೆಲ್ಲಿ ಹಾದು ಬರುತ್ತದೆ ಅನ್ನುವುದು. ಇದನ್ನು ಹಗುರವಾಗಿ ತಗೊಂಡವರು ಏನಾದರು ಅನ್ನುವುದಕ್ಕೆ ಬಾರ್ಸಿಲೋನಾದ ಮೊಂಜುಯಿಕ್ ಪಾರ್ಕ್ ನೋಡಬೇಕು. ಅಲ್ಲಿ ನಡೆದ 1969ರ ಸ್ಪ್ಯಾನಿಷ್ ಗ್ರಾನ್ ಪ್ರಿ ಫಾರ್ಮುಲಾ ಒನ್ ರೇಸ್‌ನಲ್ಲಿ ಲೋಟಸ್ ತಂಡದ ಕಾರುಗಳಿಗೆ ತೆಳ್ಳನೆಯ ಉದ್ದ ಕಾಲುಗಳ ಮೇಲೆ ಎತ್ತರದ ರೆಕ್ಕೆ ಇತ್ತು. ವೇಗದಲ್ಲಿ ದಿಬ್ಬ ಹತ್ತಿ ಇಳಿಯುವ ಜಾಗದಲ್ಲಿ ಗ್ರಹಾಂ ಹಿಲ್ ಕಾರಿನ ರೆಕ್ಕೆ ಮುರಿಯಿತು, ಕಾರು ತಡೆಬೇಲಿಗೆ ಬಡಿಯಿತು. ಸ್ವಲ್ಪ ಲ್ಯಾಪ್ ಆದ ಮೇಲೆ ಅದೇ ಜಾಗದಲ್ಲಿ ಅದೇ ತಂಡದ ಯೋಹೆನ್ ರಿಂಟ್ ಕಾರಿಗೂ ಹಾಗೇ ಆಯಿತು. ರಿಂಟ್‌ಗೆ ಪೆಟ್ಟಾಯಿತು. ಮುಂದಿನ ರೇಸ್ ಮೊನಾಕೊದಲ್ಲಿ, ಅಭ್ಯಾಸ ಶುರುವಾದ ಮೇಲೆ, ಎತ್ತರದ ರೆಕ್ಕೆಗಳನ್ನೇ ನಿಷೇಧಿಸಿದರು. ಆರು ವರ್ಷದ ನಂತರ, 1975ರಲ್ಲಿ, ಅದೇ ಮೊಂಜುಯಿಕ್‌ನಲ್ಲಿ ರೋಲ್ಫ್ ಸ್ಟೊಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಕಿತ್ತುಹೋಯಿತು. ಕಾರು ಬೇಲಿ ದಾಟಿ ಜನರ ಮೇಲೆ ಹೋಯಿತು, ಪ್ರಾಣ ಹೋದವು. ಆ ತಂಡ ಸ್ವತಃ ಗ್ರಹಾಂ ಹಿಲ್ ಅವರದ್ದು. ಅಲ್ಲಿದ್ದವರು ಜಗತ್ತಿನ ಒಳ್ಳೊಳ್ಳೆ ಎಂಜಿನಿಯರುಗಳು. ರೆಕ್ಕೆ ಇಲ್ಲದ ಕಾರಿಗಿಂತ ವೇಗದ ತಿರುವಿನ ಮಧ್ಯೆ ರೆಕ್ಕೆ ಕಳೆದುಕೊಳ್ಳುವ ಕಾರು ಎಷ್ಟೋ ಪಾಲು ಅಪಾಯ. ಅದರ ಹಿಡಿತವನ್ನು ನಂಬಿಯೇ ನೀವು ಆ ವೇಗಕ್ಕೆ ಹೋಗಿರುತ್ತೀರಿ.

ನಿಮ್ಮ ಪೋಲೊದ ಡಿಕ್ಕಿ ಬಾಗಿಲು ನೋಡಿ. ಹೊರಗಿನ ತಗಡು ಒಂದು ಮಿಲಿಮೀಟರ್‌ಗಿಂತ ತೆಳ್ಳಗೆ. ಅದರಲ್ಲಿ ನಾಲ್ಕು ತೂತು ಕೊರೆದು ರೆಕ್ಕೆ ಕಾಲು ಬೋಲ್ಟ್ ಮಾಡಿದರೆ ಮೊದಮೊದಲು ಗಟ್ಟಿಯಾಗೇ ಕಾಣುತ್ತದೆ. ಆಮೇಲೆ ಬೋಲ್ಟ್ ಸುತ್ತ ಬಣ್ಣ ಕೂದಲೆಳೆಯ ಹಾಗೆ ಬಿರುಕು ಬಿಡುತ್ತದೆ. ತೂತು ಕೋಳಿಮೊಟ್ಟೆ ಆಕಾರಕ್ಕೆ ಹಿಗ್ಗುತ್ತದೆ. ಇದು ಮೊದಲ ಹಂತ. ಬಾಗಿಲಿಗೇ ಕೂರಿಸುವುದಾದರೆ ಪ್ರತಿ ಕಾಲಿನ ಕೆಳಗೂ, ಒಳಬದಿಯಲ್ಲಿ, ಅಂಗೈ ಅಗಲಕ್ಕಿಂತ ದೊಡ್ಡದಾದ 3 ಮಿ.ಮೀ. ಅಲ್ಯುಮಿನಿಯಂ ಪ್ಲೇಟ್ ಕೊಡಿ. ಆದರೂ ಭಾರ ಹಿಂಜ್, ಲಾಕ್ ಮತ್ತು ರಬ್ಬರ್ ಬುಷ್ ಮೂಲಕವೇ ಬಾಡಿಗೆ ಹೋಗಬೇಕು. ಅವನ್ನು ಬಾಗಿಲು ಮುಚ್ಚಲು ಮಾಡಿದ್ದು, ರೆಕ್ಕೆ ಹೊರಲು ಅಲ್ಲ.

ನನ್ನ ಆಯ್ಕೆ ಬೇರೆ. ಹಿಂದಿನ ಪ್ಲಾಸ್ಟಿಕ್ ಬಂಪರ್ ಒಳಗೆ ಸ್ಟೀಲಿನ ಅಡ್ಡಪಟ್ಟಿ ಇದೆ. ಅದು ಚಾಸಿಯ ಎರಡು ತುದಿಗೆ ಬೋಲ್ಟ್ ಆಗಿರುತ್ತದೆ. ರೆಕ್ಕೆಯ ಎರಡು ಕಾಲುಗಳನ್ನು ಬಂಪರ್‌ನಲ್ಲಿ ಸೀಳು ಮಾಡಿ ಒಳಗೆ ಇಳಿಸಿ, ಆ ಬೋಲ್ಟ್‌ಗಳ ಜಾಗಕ್ಕೇ ಕಟ್ಟಿ. ಭಾರ ನೇರ ಚಾಸಿಗೆ ಇಳಿಯುತ್ತದೆ. ಕಾಲು ಉದ್ದವಾಗುವುದರಿಂದ ಪಕ್ಕಕ್ಕೆ ಓಲಾಡದ ಹಾಗೆ ಎರಡರ ಮಧ್ಯೆ ಓರೆಪಟ್ಟಿ ಬೇಕು. ಡಿಕ್ಕಿ ತೆರೆಯಲು ಪ್ರತಿ ಸಲ ರೆಕ್ಕೆ ಬಿಚ್ಚಬೇಕಾಗಬಹುದು. ಅದು ಕಿರಿಕಿರಿಯೇ, ಒಪ್ಪುತ್ತೇನೆ. ಕಾಲುಗಳನ್ನು 6 ಮಿ.ಮೀ. ಅಲ್ಯುಮಿನಿಯಂ ಪ್ಲೇಟಿನಲ್ಲಿ ಕತ್ತರಿಸಿಕೊಡುವ ಲೇಸರ್ ಕಟಿಂಗ್‌ನವರು ಪೀಣ್ಯದಲ್ಲಿ ಬೇಕಾದಷ್ಟಿದ್ದಾರೆ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಕಾರಿಗೆ ಹಿಡಿದು ನೋಡಿ, ಆಮೇಲೆ ಡ್ರಾಯಿಂಗ್ ಕೊಡಿ. ಬೋಲ್ಟ್ 8 ಮಿ.ಮೀ.ದು, ತಲೆ ಮೇಲೆ 8.8 ಅಂತ ಅಚ್ಚಿರಬೇಕು. ನಟ್ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು) ಆಗಿರಲಿ. ಬಿಗಿ ಮಾಡಿದ ಮೇಲೆ ನಟ್‌ನಿಂದ ಪ್ಲೇಟ್ ತನಕ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಕಾಲುಗಳು ರೆಕ್ಕೆಗೆ ಸೇರುವ ಜಾಗದಲ್ಲಿ ಹಳೆ ಕಂಬಳಿ ಹಾಸಿ, ಅಡ್ಡ ಹಲಗೆ ಇಟ್ಟು, 50 ಕೆ.ಜಿ.ಯ ಎರಡು ಸಿಮೆಂಟ್ ಮೂಟೆ ಹೇರಿ. 160ರಲ್ಲಿ ಬರುವುದು 41 ಕೆ.ಜಿ. ಅಲ್ವಾ, 100 ಯಾಕೆ ಅಂತ ಕೇಳಬಹುದು. ಕಾರು ಕರ್ಬ್ (ಟ್ರ್ಯಾಕ್ ಅಂಚಿನ ಉಬ್ಬು ಕಟ್ಟೆ) ಹತ್ತಿ ಕುಕ್ಕಿದಾಗ ಬೀಳುವ ಪೆಟ್ಟು ಬೇರೆಯೇ. ಹೇರುವ ಮೊದಲು ರೆಕ್ಕೆಯ ತುದಿಗೂ ಬಂಪರ್‌ಗೂ ನಡುವಿನ ಅಳತೆ ಬರೆದಿಟ್ಟುಕೊಳ್ಳಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೂಟೆ ಇಳಿಸಿ ಮತ್ತೆ ಅಳೆಯಿರಿ. ಅಳತೆ ಮೊದಲಿನಷ್ಟೇ ಇರಬೇಕು. ಆಮೇಲೆ ರೆಕ್ಕೆಯ ಎರಡು ತುದಿ ಹಿಡಿದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಚೆನ್ನಾಗಿ ಅಲ್ಲಾಡಿಸಿ. ರೆಕ್ಕೆ ಅಲ್ಲಾಡಿದರೆ ಇಡೀ ಕಾರು ಅಲ್ಲಾಡಬೇಕು, ರೆಕ್ಕೆ ಒಂದೇ ಅಲ್ಲ. ಅಂಗಡಿಯ ಜಿಟಿ ವಿಂಗ್ ಈ ಪರೀಕ್ಷೆ ಪಾಸಾಗುತ್ತದಾ ಅಂತ ಅಲ್ಲೇ ಕೇಳಿ ನೋಡಿ. ಕಾರ್ಬನ್ ಫೈಬರ್ ಥರ ಕಾಣುವ ಸ್ಟಿಕರ್ ಅಂಟಿಸಿದ ಟೊಳ್ಳು ಪ್ಲಾಸ್ಟಿಕ್ ಆದರೆ ಮಧ್ಯದಲ್ಲಿ ಒತ್ತಿದಾಗಲೇ ಬಾಗುತ್ತದೆ. ಒಳಗೆ ಉದ್ದಕ್ಕೂ ಪೈಪು ಅಥವಾ ಪಟ್ಟಿ ಇರುವ ಅಲ್ಯುಮಿನಿಯಂ ರೆಕ್ಕೆ ತಗೊಳ್ಳಿ.

ಇನ್ನೊಂದು ಮಾತು. ರೆಕ್ಕೆಯನ್ನು ತಲೆಕೆಳಗು ಕೂರಿಸಿದ ಕಾರುಗಳೂ ರಸ್ತೆಯಲ್ಲಿ ಕಾಣುತ್ತವೆ. ಉಬ್ಬಿದ ಹೊಟ್ಟೆ ಕೆಳಗಿರಬೇಕು, ದಪ್ಪ ದುಂಡು ಅಂಚು ಮುಂದಿರಬೇಕು. ಹೆಚ್ಚಿನ ಕೆಲಸ ಮಾಡುವುದು ಕೆಳಮೈ. ಅದಕ್ಕೇ ದೊಡ್ಡ ರೇಸ್ ಕಾರುಗಳಲ್ಲಿ ಕಾಲನ್ನು ಮೇಲಿನಿಂದ ಬಾಗಿಸಿ, ಹಂಸದ ಕತ್ತಿನ ಹಾಗೆ ತಂದು ಹಿಡಿಸುತ್ತಾರೆ. ಕೆಳಮೈ ಮೇಲೆ ಗಾಳಿ ತಡೆಯಿಲ್ಲದೆ ಹರಿಯಲಿ ಅಂತ. ನಿಮಗೆ ಅದು ಕಡ್ಡಾಯ ಏನಲ್ಲ.

ಜಾಗ ಎಲ್ಲಿ? ಹ್ಯಾಚ್‌ಬ್ಯಾಕ್‌ನಲ್ಲಿ ಛಾವಣಿ ಮುಗಿದ ಕೂಡಲೇ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಯೊಳಗೆ ಇಟ್ಟ ರೆಕ್ಕೆ ಸುಮ್ನೆ ಅಲಂಕಾರ. ಛಾವಣಿಯ ಮಟ್ಟಕ್ಕಿಂತ ಅರ್ಧ ಗೇಣಿನಿಂದ ಒಂದು ಗೇಣು ಮೇಲಿರಲಿ. ಛಾವಣಿಯಿಂದ ಇಳಿದು ಬರುವ ಗಾಳಿ ನೆಲಕ್ಕೆ ಸಮನಾಗಿ ಇರುವುದಿಲ್ಲ, ಸ್ವಲ್ಪ ಕೆಳಮುಖವಾಗಿರುತ್ತದೆ. ಆದ್ದರಿಂದ ನೆಲಕ್ಕೆ ಅಳೆದ ಕೋನ ಒಂದಾದರೆ ಗಾಳಿಗೆ ಸಿಗುವ ಕೋನ ಇನ್ನೊಂದು. ಅದರಲ್ಲೂ ಕಾರಿನ ಮಧ್ಯದಲ್ಲಿ ಒಂದು ಥರ, ಎರಡು ಪಕ್ಕದಲ್ಲಿ ಇನ್ನೊಂದು ಥರ.

ಇದನ್ನು ಕಣ್ಣಾರೆ ನೋಡುವ ದಾರಿ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ದೊಡ್ಡ ವಿಂಡ್ ಟನಲ್ ಇದೆ, ಅದು ನಮ್ಮ ಕೈಗೆ ಸಿಗುವುದಿಲ್ಲ. ಉಲ್ಲನ್ ಉಂಡೆ ಸಿಗುತ್ತದೆ. ಬೆರಳುದ್ದದ ತುಂಡು ಮಾಡಿ, ರೆಕ್ಕೆಯ ಮೇಲೂ ಕೆಳಗೂ ಸಾಲಾಗಿ ಟೇಪಿನಲ್ಲಿ ಅಂಟಿಸಿ. ಛಾವಣಿಯ ಹಿಂಬದಿಗೂ ಅಂಟಿಸಿ. ಕೆಳಮೈ ಕಾಣುವ ಹಾಗೆ ಒಂದು ಕ್ಯಾಮೆರಾ ಭದ್ರವಾಗಿ ಕಟ್ಟಿ. ಟ್ರ್ಯಾಕ್‌ನಲ್ಲಿ ಕೆಲವು ಲ್ಯಾಪ್ ಹೋಗಿ ಬನ್ನಿ. ರಸ್ತೆಯಲ್ಲಿ ಬೇಡ. ದಾರದ ತುಂಡುಗಳು ಗಾಳಿಯ ಜೊತೆ ನೆಟ್ಟಗೆ ಮಲಗಿದ್ದರೆ ಒಳ್ಳೆಯದು. ಕೆಳಮೈಯ ಹಿಂದಿನ ಅರ್ಧದಲ್ಲಿ ಅವು ಕುಣಿಯುತ್ತಿದ್ದರೆ, ಕೆಲವು ಮುಂದಕ್ಕೆ ತಿರುಗಿದ್ದರೆ, ಗಾಳಿ ರೆಕ್ಕೆಯಿಂದ ಬಿಟ್ಟುಹೋಗಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಒತ್ತುವ ಬಲ ಇಳಿದು, ಕಾರನ್ನು ಹಿಂದಕ್ಕೆ ಹಿಡಿಯುವ ಗಾಳಿಯ ತಡೆ ಮಾತ್ರ ಏರುತ್ತದೆ. ಕೋನ ಕಡಿಮೆ ಮಾಡಿ. 2–3 ಡಿಗ್ರಿಯಿಂದ ಶುರು ಮಾಡಿ, ಒಮ್ಮೆಗೆ 2 ಡಿಗ್ರಿಯಂತೆ ಏರಿಸಿ. ಸಾಮಾನ್ಯ ಒಂಟಿ ರೆಕ್ಕೆ 10 ದಾಟಿದ ಮೇಲೆ ಅನುಮಾನದಿಂದಲೇ ನೋಡಬೇಕು.

ಕೋನ ಏರಿಸದೆ ಇನ್ನೂ ಸ್ವಲ್ಪ ಬಲ ಬೇಕಾದರೆ ಹಿಂದಿನ ಅಂಚಿನ ಮೇಲೆ 5 ಮಿ.ಮೀ. ಎತ್ತರದ ಎಲ್ ಆಂಗಲ್ ಪಟ್ಟಿ ಅಂಟಿಸಿ. ಇದಕ್ಕೆ ಗರ್ನಿ ಫ್ಲ್ಯಾಪ್ ಅನ್ನುತ್ತಾರೆ. 1971ರಲ್ಲಿ ಅಮೆರಿಕದ ರೇಸ್ ತಂಡದ ಮಾಲೀಕ ಡ್ಯಾನ್ ಗರ್ನಿ, ತಮ್ಮ ಡ್ರೈವರ್ ಬಾಬಿ ಅನ್ಸರ್ ಕಾರು ಸಾಕಷ್ಟು ವೇಗ ಬರುತ್ತಿಲ್ಲ ಅಂದಾಗ, ಫೀನಿಕ್ಸ್ ಟ್ರ್ಯಾಕ್‌ನಲ್ಲೇ ಮಾಡಿ ಹಾಕಿದ ಉಪಾಯ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಭಾಗ ನನಗಂತೂ ಗೊತ್ತಿಲ್ಲ.

ಈಗ ಸ್ಪ್ಲಿಟರ್. ಅಂಗಡಿಯ ಪ್ಲಾಸ್ಟಿಕ್ ತುಂಡನ್ನು ಬಂಪರ್‌ಗೆ ಸ್ಕ್ರೂ ಮಾಡುತ್ತಾರೆ. ಆ ಭಾರ ಎಲ್ಲಿಗೆ ಇಳಿಯುತ್ತದೆ? ಬಂಪರ್ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ಗೆ. ಅದು ನಿಂತಿರುವುದು ಕ್ಲಿಪ್‌ಗಳ ಮೇಲೆ. ವೇಗದಲ್ಲಿ ಎಲ್ಲ ಸೇರಿ ಕೆಳಕ್ಕೆ ಜೋತುಬೀಳುತ್ತದೆ. ಬಲ ಜಾಸ್ತಿ ಬಂದರೆ ಕಿತ್ತು ಚಕ್ರದ ಕೆಳಗೆ ಹೋಗುತ್ತದೆ. ಅದು ಬೇಡ.

12 ಮಿ.ಮೀ. ಮರೈನ್ ಪ್ಲೈವುಡ್ ತಗೊಳ್ಳಿ. ನಗಬೇಡಿ, ವಿದೇಶದ ಎಷ್ಟೋ ಕ್ಲಬ್ ರೇಸರ್‌ಗಳು ಪ್ಲೈವುಡ್ಡನ್ನೇ ಬಳಸುತ್ತಾರೆ. ಗಟ್ಟಿ, ಅಗ್ಗ, ಒಡೆದರೆ ಅದೇ ಅಳತೆಗೆ ಇನ್ನೊಂದು ಕತ್ತರಿಸಬಹುದು. ಬೋರ್ಡ್ ಬರೆಯುವವರ ಹತ್ತಿರ ಸಿಗುವ ಎಸಿಪಿ ಶೀಟ್ (ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವುದು) ಹಗುರ, ಆದರೆ ಒಂಟಿಯಾಗಿ ಬಾಗುತ್ತದೆ. ಅದನ್ನು ಸ್ಪ್ಲಿಟರ್ ಮೇಲೆ ನೆಟ್ಟಗೆ ನಿಲ್ಲುವ ಏರ್ ಡ್ಯಾಮ್‌ಗೆ ಬಳಸಿ. ಏರ್ ಡ್ಯಾಮ್ ಇಲ್ಲದೆ ಸ್ಪ್ಲಿಟರ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಗಾಳಿ ಬಂದು ಆ ಗೋಡೆಗೆ ಬಡಿದು ನಿಲ್ಲುವುದರಿಂದ ಮೇಲೆ ಒತ್ತಡ ಏರುತ್ತದೆ. ಕೆಳಗೆ ಕಿರಿದಾದ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಿ ಒತ್ತಡ ಇಳಿಯುತ್ತದೆ. ಈ ಎರಡರ ವ್ಯತ್ಯಾಸವೇ ಮೂತಿಯನ್ನು ಕೆಳಕ್ಕೆ ಒತ್ತುವುದು. ಹಲಗೆಗೂ ಏರ್ ಡ್ಯಾಮ್‌ಗೂ ಮಧ್ಯೆ ಸಂದು ಇದ್ದರೆ ಮೇಲಿನ ಒತ್ತಡ ಕೆಳಕ್ಕೆ ಸೋರಿಹೋಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಒತ್ತಿ ಮುಚ್ಚಿ.

ಮುಂದಕ್ಕೆ ಚಾಚಿದ ತುಟಿ 5 ಸೆಂಟಿಮೀಟರ್ ಸಾಕು. ಕೆಳಗಿನ ಅಂಚನ್ನು ಮರಳು ಕಾಗದದಲ್ಲಿ ದುಂಡಗೆ ಮಾಡಿ, ಚೂಪು ಬಿಡಬೇಡಿ. ಎಲ್ಲ ಕಡೆ ಎಪಾಕ್ಸಿ ಬಳಿಯಿರಿ, ಮಳೆನೀರು ಕುಡಿದರೆ ಪದರ ಬಿಡುತ್ತದೆ. ಹಿಂದಕ್ಕೆ ಹಲಗೆಯನ್ನು ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಸ್ಟೀಲ್ ಚೌಕಟ್ಟು) ತನಕ ಒಯ್ದು ಅಲ್ಲಿ ಎಲ್ ಆಂಗಲ್‌ನಿಂದ ಬೋಲ್ಟ್ ಮಾಡಿ. ಮಧ್ಯದಲ್ಲಿ ರೇಡಿಯೇಟರ್ ಹಿಡಿದಿರುವ ಚೌಕಟ್ಟಿಗೆ, ಮುಂದೆ ಬಂಪರ್ ಒಳಗಿನ ಸ್ಟೀಲ್ ಪಟ್ಟಿಗೆ ಹೋಗುವ ಟರ್ನ್‌ಬಕಲ್ ಕಡ್ಡಿಗಳಿಗೆ (ತಿರುಗಿಸಿ ಉದ್ದ ಹೊಂದಿಸುವಂಥವು) ಕಟ್ಟಿ. ಕಡ್ಡಿ ಎರಡಲ್ಲ, ನಾಲ್ಕು ಹಾಕಿ. ಆಮೇಲೆ ಹಲಗೆ ಮೇಲೆ ನೀವೇ ಹತ್ತಿ ನಿಲ್ಲಿ. ತುದಿ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಬಾಗಬಾರದು. ರೇಡಿಯೇಟರ್‌ಗೆ ಹೋಗುವ ಗಾಳಿಯ ಬಾಯಿ ಮಾತ್ರ ಮುಚ್ಚಬೇಡಿ. ಚೆನ್ನೈ ಸೆಖೆಯಲ್ಲಿ ಟರ್ಬೊ ಎಂಜಿನ್ ಅದನ್ನು ಸಹಿಸುವುದಿಲ್ಲ.

ನೆಲದಿಂದ ಎತ್ತರ ಶುರುವಿಗೆ 9–10 ಸೆಂಟಿಮೀಟರ್ ಇರಲಿ. ಇನ್ನೂ ತಗ್ಗಿಸಿದರೆ ಬಲ ಏರುತ್ತದೆ, ಜೊತೆಗೆ ಮೊದಲೇ ಹೇಳಿದ ತೊಂದರೆಯೂ ಏರುತ್ತದೆ. ಬ್ರೇಕ್ ಒತ್ತಿದಾಗ ಮೂತಿ ಎಷ್ಟು ಇಳಿಯುತ್ತದೆ ಅಂತ ತಿಳಿಯಬೇಕಾ? ಶಾಕ್ ಅಬ್ಸಾರ್ಬರ್ ಕಡ್ಡಿಗೆ ಒಂದು ಜಿಪ್ ಟೈ ಬಿಗಿದು ಕೆಳಕ್ಕೆ ಸರಿಸಿಡಿ. ಸೆಷನ್ ಮುಗಿಸಿ ಬಂದಾಗ ಅದು ಎಲ್ಲಿ ನಿಂತಿದೆ ನೋಡಿ, ಅಳೆಯಿರಿ. ಕರ್ಬ್ ಹತ್ತಿದ ಲೆಕ್ಕವೂ ಅದರಲ್ಲಿ ಸೇರಿರುತ್ತದೆ, ನೆನಪಿರಲಿ. ಹಲಗೆಯ ಕೆಳಗೆ ಸವೆಯಲಿಕ್ಕೆ ಅಂತಲೇ ಎರಡು ನೈಲಾನ್ ತುಂಡು ಬೋಲ್ಟ್ ಮಾಡಿಡಿ.

ಟ್ರ್ಯಾಕ್‌ನಲ್ಲಿ ಹೊಂದಿಸುವ ಕ್ರಮ ಹೀಗೆ. ಮೊದಲ ದಿನ ಬರೀ ರೆಕ್ಕೆ, ಕಡಿಮೆ ಕೋನ. ಮೊದಲ ಲ್ಯಾಪ್‌ಗಳಲ್ಲಿ 100 ದಾಟಬೇಡಿ. ಒಳಗೆ ಬಂದು ಮಾರ್ಕರ್ ಗೆರೆ ನೋಡಿ. ಸರಿಯಿದ್ದರೆ ನಿಮ್ಮ ಎಂದಿನ ವೇಗಕ್ಕೆ ನಿಧಾನಕ್ಕೆ ಏರಿ. ವೇಗದ ತಿರುವಿನಲ್ಲಿ ಹಿಂಭಾಗ ಕೂತು, ಮುಂಭಾಗ ಸ್ವಲ್ಪ ಮೊಂಡಾಗಿದೆ ಅನ್ನಿಸಬೇಕು. ಅನ್ನಿಸಿದರೆ ಲೆಕ್ಕ ಸರಿಯಿದೆ. ಸ್ಪ್ಲಿಟರ್ ಹಾಕುವುದು ಆಮೇಲೆ. ಹಾಕಿದ ಮೇಲೆ ಅದನ್ನು ಮುಟ್ಟಬೇಡಿ, ರೆಕ್ಕೆಯ ಕೋನ ಒಂದನ್ನೇ ಬದಲಿಸುತ್ತಾ ಹದಕ್ಕೆ ತನ್ನಿ. ಸ್ಪ್ಲಿಟರ್‌ಗಿಂತ ರೆಕ್ಕೆ ಹೊಂದಿಸುವುದು ಎಷ್ಟೋ ಸುಲಭ.

ಒಂದು ಸಲಕ್ಕೆ ಒಂದೇ ಬದಲಾವಣೆ. ನಿಧಾನದ ತಿರುವಿನಲ್ಲಿ ತೊಂದರೆ ಇದ್ದರೆ ಟೈರ್ ಗಾಳಿ, ಅಲೈನ್‌ಮೆಂಟ್, ಸಸ್ಪೆನ್ಷನ್ ನೋಡಿ. ವೇಗದ ತಿರುವಿನಲ್ಲಿ ಮಾತ್ರ ಇದ್ದರೆ ರೆಕ್ಕೆ ನೋಡಿ. ಎರಡೂ ಕಡೆ ಇದ್ದರೆ ಮೊದಲು ಸಸ್ಪೆನ್ಷನ್. ಫೋನಿನ ಜಿಪಿಎಸ್ ಲ್ಯಾಪ್ ಟೈಮರ್ ಇದ್ದರೆ ಬರೀ ಲ್ಯಾಪ್ ಸಮಯ ನೋಡಬೇಡಿ, ಅದಕ್ಕೆ ನೂರು ಕಾರಣ ಇರುತ್ತವೆ. ವೇಗದ ತಿರುವಿನ ಮಧ್ಯದಲ್ಲಿ ಅತಿ ಕಡಿಮೆ ವೇಗ ಎಷ್ಟಿತ್ತು, ಸ್ಟ್ರೈಟ್ ಕೊನೆಯಲ್ಲಿ ಎಷ್ಟಿತ್ತು, ಈ ಎರಡನ್ನು ಬರೆದಿಟ್ಟುಕೊಳ್ಳಿ. ಮೊದಲನೆಯದು ಏರಿ ಎರಡನೆಯದು ಸ್ವಲ್ಪವೇ ಇಳಿದಿದ್ದರೆ ದುಡ್ಡು ಸಾರ್ಥಕ. ಎರಡೂ ಇಳಿದಿದ್ದರೆ ಕೋನ ಜಾಸ್ತಿಯಾಗಿದೆ, ಇಲ್ಲವೇ ಆ ತಿರುವಿನಲ್ಲಿ ನಿಮಗಿನ್ನೂ ರೆಕ್ಕೆ ಮೇಲೆ ನಂಬಿಕೆ ಬಂದಿಲ್ಲ. ನಂಬಿಕೆ ಬರಲು ಟೈಮ್ ಕೊಡಿ, ಅವಸರ ಬೇಡ.

ಊರಲ್ಲಿ ಹಾಕಿಕೊಂಡು ಓಡಾಡುವುದು ಬೇಡ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು ಅಂತ ಸೇರಿಸಿದರು. ಅದು ಒಂದು ಕಡೆ. ಇನ್ನೊಂದು ಕಡೆ, ತಲೆಮಟ್ಟದಲ್ಲಿ ಚಾಚಿಕೊಂಡಿರುವ ಲೋಹದ ರೆಕ್ಕೆ, ಮೊಣಕಾಲ ಕೆಳಗೆ ಹಲಗೆಯ ಅಂಚು, ಇವೆರಡೂ ಪಾದಚಾರಿಗೆ, ಬೈಕಿನವರಿಗೆ ಗಾಯ ಮಾಡುವ ವಸ್ತುಗಳು. ನಮ್ಮ ಬೀದಿಯ ಹಂಪ್‌ಗಳಿಗೆ ಆ ಹಲಗೆ ಒಂದು ದಿನವೂ ಬಾಳುವುದಿಲ್ಲ, ಅದು ಬೇರೆ ಮಾತು. ರೆಕ್ಕೆಯನ್ನು ಕಾಲುಗಳ ಸಮೇತ ಬಿಚ್ಚುವ ಹಾಗೆ, ಸ್ಪ್ಲಿಟರ್‌ನ ಕಡ್ಡಿಗಳಿಗೆ ಕ್ವಿಕ್ ರಿಲೀಸ್ ಪಿನ್ ಇರುವ ಹಾಗೆ ಶುರುವಿನಲ್ಲೇ ಮಾಡಿಸಿ. ಬಿಚ್ಚಿ ಹಿಂದಿನ ಸೀಟು ಮಡಚಿ ಒಳಗೆ ಹಾಕಿಕೊಂಡು ಹೋಗಿ, ಅಲ್ಲಿ ಕಟ್ಟಿ. ಟಾರ್ಕ್ ರೆಂಚ್ ಮರೆಯಬೇಡಿ.

ಮುಂದೆ ರೇಸ್‌ಗೆ ಇಳಿಯುವ ಯೋಚನೆ ಇದ್ದರೆ ಯಾವುದನ್ನೂ ಕತ್ತರಿಸುವ ಮೊದಲು ದೇಶದ ಮೋಟಾರು ರೇಸ್‌ಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಎಂಎಸ್‌ಸಿಐನ ಆ ಕ್ಲಾಸಿನ ನಿಯಮಗಳನ್ನು ತರಿಸಿ ಓದಿ. ಟ್ರ್ಯಾಕ್ ಡೇಯಲ್ಲಿ ನಡೆಯುವುದು ರೇಸಿನಲ್ಲಿ ನಡೆಯದೇ ಇರಬಹುದು. ನಿಮ್ಮ ಕ್ಲಾಸಿನಲ್ಲಿ ರೆಕ್ಕೆಗೆ ಅವಕಾಶ ಇಲ್ಲ ಅಂತಾದರೆ ಈ ದುಡ್ಡನ್ನು ಟೈರಿಗೆ ಮತ್ತು ಹೆಚ್ಚು ಟ್ರ್ಯಾಕ್ ಡೇಗಳಿಗೆ ಹಾಕಿ.